ಬಾವುಟವೂ ಬತ್ತಿದ ಹೊಳೆಯೂ

ಮೂರು ಬಣ್ಣದ ಒಂದು ಗಜ ಬಟ್ಟೆಯನ್ನು ಬಿದಿರಿನ ಗಳುವಿಗೆ ಕಟ್ಟಿ ನಿಲ್ಲಿಸಿದರೆ ಏನಾದೀತು? ಅದರಿಂದ ಹೊಟ್ಟೆ ತುಂಬುವುದಿಲ್ಲ, ಕಂದಾಯ ಇಳಿಯುವುದಿಲ್ಲ, ಕೆರೆಗೆ ನೀರು ಬರುವುದಿಲ್ಲ. ವ್ಯವಹಾರಜ್ಞರಾದವರು ಎಲ್ಲ ಕಾಲದಲ್ಲಿಯೂ ಕೇಳುವ ಪ್ರಶ್ನೆ ಇದು. ಆದರೂ ೧೯೩೮ರ ಏಪ್ರಿಲ್ ೨೫ರಂದು ಗೌರಿಬಿದನೂರಿಗೆ ಸಮೀಪದ ವಿದುರಾಶ್ವತ್ಥದಲ್ಲಿ ಅಂಥ ಒಂದು ಬಟ್ಟೆಯ ತುಂಡಿಗಾಗಿ ಜನ ಪ್ರಾಣ ತೆತ್ತರು. ತಿಂಗಳು ತುಂಬುವುದರೊಳಗೆ ಮೈಸೂರು ಸಂಸ್ಥಾನದ ಸರ್ಕಾರ, ತಾನು ನಿಷೇಧಿಸಿದ್ದ ಆ ಬಟ್ಟೆಗೆ ತನ್ನ ಬಾವುಟದ ಪಕ್ಕದಲ್ಲಿಯೇ ಜಾಗ ಕೊಡಲು ಒಪ್ಪಿತು. ಸಂಕೇತವೆಂಬುದು ಬರಿಯ ಆಟವಲ್ಲವೆಂಬುದಕ್ಕೆ ನಮ್ಮ ನಾಡಿನ ಇತಿಹಾಸದಲ್ಲಿ ಇದಕ್ಕಿಂತ ಹತ್ತಿರದ ಸಾಕ್ಷ್ಯ ಬೇಕಿಲ್ಲ.

ಈ ಹಳೆಯ ಸಂಗತಿಯನ್ನು ಈಗ ನೆನೆಯುವುದಕ್ಕೆ ಕಾರಣವುಂಟು. ಜಗತ್ತಿನ ವಾಯುಗುಣ ಬದಲಾಗುತ್ತಿದೆಯೆಂದು ವಿಜ್ಞಾನಿಗಳು ಹಲವು ದಶಕಗಳಿಂದ ಹೇಳುತ್ತ ಬಂದಿದ್ದಾರೆ. ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ಚಾರ್ಲ್ಸ್ ಕೀಲಿಂಗ್ ಎಂಬ ವಿಜ್ಞಾನಿ ೧೯೫೮ರಲ್ಲಿ ಗಾಳಿಯನ್ನು ಅಳೆಯತೊಡಗಿದಾಗ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಸುಮಾರು ೩೧೫ ಭಾಗದಷ್ಟಿದ್ದ ಇಂಗಾಲದ ಡೈಆಕ್ಸೈಡ್ ಈಗ ೪೨೦ನ್ನು ದಾಟಿದೆ. ಅಂಕಿ ಏರಿದಂತೆ ಜನರ ಎಚ್ಚರ ಏರಲಿಲ್ಲ. ಆದುದರಿಂದ ಕೆಲವರು ಸಂಕೇತದ ಮೊರೆಹೊಕ್ಕರು. ೨೦೦೭ರಲ್ಲಿ ಸಿಡ್ನಿ ನಗರದ ಜನ ಒಂದು ಗಂಟೆಯ ಕಾಲ ದೀಪ ಆರಿಸಿ ಕುಳಿತರು; ಈಗ ಅದು ವರ್ಷಕ್ಕೊಮ್ಮೆ ಲೋಕವೆಲ್ಲ ಆಚರಿಸುವ ವ್ರತದಂತಾಗಿದೆ. ೨೦೦೯ರ ಅಕ್ಟೋಬರ್ ೧೭ರಂದು ಮಾಲ್ಡೀವ್ಸ್ ದೇಶದ ಅಧ್ಯಕ್ಷರೂ ಮಂತ್ರಿಗಳೂ ಉಸಿರಾಟದ ಸಲಕರಣೆ ಕಟ್ಟಿಕೊಂಡು ಸಮುದ್ರದ ತಳಕ್ಕಿಳಿದು ಮಂತ್ರಿಮಂಡಲದ ಸಭೆ ನಡೆಸಿದರು. ಅದೇ ಡಿಸೆಂಬರಿನಲ್ಲಿ ನೇಪಾಳದ ಮಂತ್ರಿಗಳು ಎವರೆಸ್ಟಿನ ಸಮೀಪದ ಕಾಲಾಪತ್ಥರದಲ್ಲಿ ಸಭೆ ಸೇರಿದರು. ೨೦೧೮ರಲ್ಲಿ ಸ್ವೀಡನ್ನಿನ ಹದಿನೈದು ವರ್ಷದ ಬಾಲೆ ಗ್ರೇತಾ ಥುನ್‌ಬರ್ಗ್ ಶಾಲೆ ಬಿಟ್ಟು ಪಾರ್ಲಿಮೆಂಟಿನ ಮುಂದೆ ಕುಳಿತಳು. ಮರುವರ್ಷ ಐಸ್‌ಲೆಂಡಿನ ಜನ ಕರಗಿಹೋದ ಓಕ್ ಎಂಬ ಹಿಮನದಿಗೆ ಶ್ರದ್ಧಾಂಜಲಿ ಸಲ್ಲಿಸಿ ಬಂಡೆಗೆ ಫಲಕ ಹಾಕಿದರು. ಇವುಗಳಿಂದ ಜನಕ್ಕೆ ಅರಿವು ಮೂಡೀತೆ, ಇಲ್ಲವೆ ಇವು ಒಂದು ದಿನದ ಪತ್ರಿಕೆಯ ಚಿತ್ರವಾಗಿ ಮರೆಯಾಗುವುವೆ ಎಂಬುದು ನಮ್ಮ ಮುಂದಿರುವ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರವನ್ನು ಸಿಡ್ನಿಯಲ್ಲಿ ಹುಡುಕುವುದಕ್ಕಿಂತ ಬೆಂಗಳೂರಿನಿಂದ ಒಂದೆರಡು ಗಂಟೆಯ ಪ್ರಯಾಣದಲ್ಲಿ ಸಿಕ್ಕುವ ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ ಸೀಮೆಯಲ್ಲಿ ಹುಡುಕುವುದು ಮೇಲು. ಸಂಕೇತಗಳ ಇತಿಹಾಸ ಆ ನೆಲದಲ್ಲಿ ಪದರಪದರವಾಗಿ ಬಿದ್ದಿದೆ. ಗೆದ್ದ ಸಂಕೇತವೂ ಅಲ್ಲಿದೆ, ಸೋತದ್ದೂ ಇದೆ, ಅರ್ಧ ಗೆದ್ದದ್ದೂ ಇದೆ.

ಮೊದಲು ನೆಲದ ಮಾತು. ನಂದಿಬೆಟ್ಟದ ಸಾಲು ನದಿಗಳ ತವರುಮನೆ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಚಿತ್ರಾವತಿ, ಪಾಪಾಘ್ನಿ ಇವೆಲ್ಲ ಆ ಬೆಟ್ಟಗಳ ಆಸುಪಾಸಿನಲ್ಲಿ ಹುಟ್ಟಿ ಆಂಧ್ರಕ್ಕೂ ತಮಿಳುನಾಡಿಗೂ ಹರಿದು ಹೋಗುವುವು. ಹೆಣ್ಣುಮಕ್ಕಳನ್ನು ಹೆತ್ತು ಮದುವೆ ಮಾಡಿ ಕಳುಹಿಸಿಕೊಟ್ಟ ತಾಯಿಯಂತೆ ತವರು ಮಾತ್ರ ಬರಿದು. ವರ್ಷವೆಲ್ಲ ಹರಿಯುವ ಹೊಳೆ ಒಂದೂ ಇಲ್ಲ. ಇದನ್ನರಿತ ಹಿಂದಿನವರು ಬಿದ್ದ ಹನಿಯನ್ನು ಬಿದ್ದಲ್ಲಿಯೇ ತಡೆಯುವ ಉಪಾಯ ಮಾಡಿದರು. ೨೦೦೭ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವುದಕ್ಕೆ ಮುಂಚೆ, ಅಖಂಡ ಕೋಲಾರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಮೇಲ್ಪಟ್ಟು ಕೆರೆಗಳಿದ್ದುವು. ಒಂದು ಕೆರೆ ಕೋಡಿ ಬಿದ್ದರೆ ಆ ನೀರು ಮುಂದಿನ ಕೆರೆಗೆ. ತೂಬು ಎತ್ತುವುದಕ್ಕೆ ನೀರಗಂಟಿ. ಏರಿಯ ಕೆಳಗೆ ಗದ್ದೆ. ಗದ್ದೆಯಾಚೆ ತೆರೆದ ಬಾವಿ, ಬಾವಿಗೆ ಕಪಿಲೆ. ನೀರು ಕಡಿಮೆಯಿದ್ದರೂ ಲೆಕ್ಕ ಸರಿಯಾಗಿತ್ತು.

ಆ ಲೆಕ್ಕ ತಪ್ಪಿದ ವರ್ಷಗಳೂ ಇದ್ದುವು. ಆಗ ಊರು ಮಾಡುತ್ತಿದ್ದುದೇನು? ಮಣ್ಣಿನಿಂದ ಮಳೆರಾಯನನ್ನು ಮಾಡಿ, ಹಲಗೆಯ ಮೇಲಿಟ್ಟು, ಹುಡುಗನೊಬ್ಬನ ತಲೆಯ ಮೇಲೆ ಹೊರಿಸಿ, ಮನೆಮನೆಯ ಮುಂದೆ ನಿಲ್ಲಿಸುವುದು. ಮನೆಯೊಡತಿ ಬಿಂದಿಗೆಯ ನೀರನ್ನು ಮಳೆರಾಯನ ಮೇಲೆ ಸುರಿದು ಮೊರದಲ್ಲಿ ಹಿಟ್ಟನ್ನೋ ಧಾನ್ಯವನ್ನೋ ಕೊಡುವುದು. ಹಾಗೆ ಕೂಡಿದ್ದರಿಂದ ಊರ ಹೊರಗೆ ಅಡಿಗೆ ಮಾಡಿ ಎಲ್ಲರೂ ಉಣ್ಣುವುದು. ಕೆಲವೆಡೆ ಕಪ್ಪೆಗೆ ಮದುವೆ, ಕೆಲವೆಡೆ ಕತ್ತೆಗೆ ಮೆರವಣಿಗೆ. ಇದನ್ನು ಮೂಢಾಚಾರವೆಂದು ನಗುವುದು ಸುಲಭ. ಆದರೆ ಇದೂ ವಾಯುಗುಣದ ವಿಚಾರವಾಗಿ ಜನ ಬಹಿರಂಗವಾಗಿ ನಡೆಸಿದ ಸಾಂಕೇತಿಕ ಕಾರ್ಯವೇ ಅಲ್ಲವೆ? ನೀರಿಲ್ಲದ ಹೊತ್ತಿನಲ್ಲಿ ಮನೆಗೊಂದು ಬಿಂದಿಗೆ ನೀರನ್ನು ಕೊಡುವುದು ಸಣ್ಣ ತ್ಯಾಗವಲ್ಲ. ಮಳೆ ಬಂದಿತೋ ಇಲ್ಲವೋ, ಬರ ತನ್ನೊಬ್ಬನ ಹೊಲಕ್ಕೆ ಬಂದ ಗ್ರಹಚಾರವಲ್ಲ, ಊರಿಗೆ ಬಂದದ್ದು ಎಂಬ ಮಾತು ಎಲ್ಲರ ಮನೆಯ ಬಾಗಿಲಿಗೆ ತಲಪುತ್ತಿತ್ತು. ಆ ಒಂದು ದಿನವಾದರೂ ಇದ್ದವನ ಹಿಟ್ಟು ಇಲ್ಲದವನ ಎಲೆಗೆ ಬೀಳುತ್ತಿತ್ತು. ಮಳೆರಾಯನ ಕೊರತೆ ಇಷ್ಟೆ: ಅಹವಾಲು ಹೋಗುತ್ತಿದ್ದುದು ಆಕಾಶಕ್ಕೆ. ಆಕಾಶ ಉತ್ತರ ಕೊಡಲೇಬೇಕೆಂಬ ಕಟ್ಟುಪಾಡಿಲ್ಲ.

ಉತ್ತರ ಕೊಡಲೇಬೇಕಾದವರ ಮುಂದೆ ಸಂಕೇತವನ್ನು ನಿಲ್ಲಿಸಿದ್ದು ಇಪ್ಪತ್ತನೆಯ ಶತಮಾನದ ವಿಶೇಷ. ೧೯೩೦ರಲ್ಲಿ ಗಾಂಧೀಜಿ ದಂಡಿಯ ಕಡಲತೀರದಲ್ಲಿ ಹಿಡಿ ಉಪ್ಪನ್ನು ಎತ್ತಿದ ಮೇಲೆ ಅದರ ವ್ಯಾಕರಣ ದೇಶಕ್ಕೆಲ್ಲ ತಿಳಿಯಿತು. ೧೯೩೮ರ ಏಪ್ರಿಲ್ ೧೧ರಂದು ಮದ್ದೂರಿನ ಬಳಿಯ ಶಿವಪುರದಲ್ಲಿ, ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಸೇರಿದ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ನಿಷೇಧಾಜ್ಞೆಯನ್ನು ಮೀರಿ ರಾಷ್ಟ್ರಧ್ವಜವನ್ನೇರಿಸಿತು. ಕಿಡಿ ಅಲ್ಲಿಂದ ಸಂಸ್ಥಾನದ ಮೂಲೆಮೂಲೆಗೂ ಹಾರಿತು. ಎರಡು ವಾರದ ಮೇಲೆ ಅದು ವಿದುರಾಶ್ವತ್ಥಕ್ಕೆ ಬಂದಿತು. ಉತ್ತರ ಪಿನಾಕಿನಿಯ ದಂಡೆಯ ಆ ಕ್ಷೇತ್ರದಲ್ಲಿ ವಿದುರನೇ ನೆಟ್ಟನೆಂದು ಜನ ನಂಬಿದ್ದ ಮಹಾವೃಕ್ಷವೊಂದಿತ್ತು. ಅದರ ಬುಡದ ಸುತ್ತ ಹರಕೆಯ ನಾಗರಕಲ್ಲುಗಳ ಸಾಲು. ಜಾತ್ರೆಯ ಕಾಲವಾದುದರಿಂದ ಸಾವಿರಾರು ಜನ ಕೂಡಿದ್ದರು. ಸಭೆಗೆ ನಿಷೇಧವಿತ್ತು, ಬಾವುಟಕ್ಕೆ ನಿಷೇಧವಿತ್ತು. ಸಭೆಯೂ ಸೇರಿತು, ಬಾವುಟವೂ ಬಂದಿತು, ಪೊಲೀಸರು ಗುಂಡು ಹಾರಿಸಿದರು. ಸರ್ಕಾರದ ಲೆಕ್ಕಕ್ಕೆ ಸತ್ತವರು ಹತ್ತು ಮಂದಿ. ಜನರ ಲೆಕ್ಕಕ್ಕೆ ಮೂವತ್ತಕ್ಕೂ ಮೇಲು. ನಿವೃತ್ತ ನ್ಯಾಯಮೂರ್ತಿ ವೇಪಾ ರಾಮೇಶಂ ಅವರ ನೇತೃತ್ವದಲ್ಲಿ ವಿಚಾರಣೆ ನಡೆಯಿತು. ಗಾಂಧೀಜಿಯವರು ಸರ್ದಾರ್ ಪಟೇಲರನ್ನೂ ಆಚಾರ್ಯ ಕೃಪಲಾನಿಯವರನ್ನೂ ಬೆಂಗಳೂರಿಗೆ ಕಳುಹಿಸಿದರು. ದಿವಾನ್ ಮಿರ್ಜಾ ಇಸ್ಮಾಯಿಲರೊಂದಿಗೆ ಮಾತುಕತೆಯಾಗಿ, ಮೇ ತಿಂಗಳಲ್ಲಿ, ಸಂಸ್ಥಾನದ ಧ್ವಜದ ಜತೆಗೆ ಕಾಂಗ್ರೆಸ್ಸಿನ ಧ್ವಜವೂ ಹಾರಬಹುದೆಂಬ ಒಪ್ಪಂದ ಹೊರಬಿತ್ತು.

ಇಲ್ಲಿ ಗಮನಿಸಬೇಕಾದ ಅಂಶಗಳು ಮೂರು. ಮೊದಲನೆಯದು, ಆ ಬಾವುಟಕ್ಕೆ ಒಬ್ಬ ವಿಳಾಸದಾರನಿದ್ದ. ಅದು ‘ಲೋಕ’ಕ್ಕೆಂದು ಬರೆದ ಓಲೆಯಲ್ಲ, ಮೈಸೂರಿನ ದಿವಾನರ ಕಚೇರಿಗೆ ನೇರವಾಗಿ ಮುಟ್ಟುವಂಥದು. ಎರಡನೆಯದು, ಕೇಳಿದ್ದಕ್ಕೂ ಮಾಡಿದ್ದಕ್ಕೂ ಅಂತರವಿರಲಿಲ್ಲ. ಬಾವುಟವೇರಿಸುವ ಹಕ್ಕು ಬೇಕೆಂದು ಕೇಳಿದವರು ಬಾವುಟವನ್ನೇ ಏರಿಸಿದರು. ಉಪ್ಪಿನ ಹಕ್ಕು ಕೇಳಿದವರು ಉಪ್ಪನ್ನೇ ಮಾಡಿದರು. ಬೇಡಿಕೆಯ ಒಂದು ತುಣುಕು ಆ ಕೃತಿಯಲ್ಲಿಯೇ ಈಡೇರಿರುತ್ತಿತ್ತು. ಮೂರನೆಯದು, ಮಾಡಿದವರಿಗೆ ಅದು ಪುಕ್ಕಟೆಯಾಗಿರಲಿಲ್ಲ. ಸೆರೆಮನೆಯಾದರೂ ಸರಿ, ಲಾಠಿಯೇಟಾದರೂ ಸರಿ, ಏನನ್ನಾದರೂ ತೆರಬೇಕಾಗಿತ್ತು. ನೋಡುವವರಿಗೆ ಅದು ಗೊತ್ತಿತ್ತು. ಈ ಮೂರೂ ಕೂಡಿದಾಗ ಒಂದು ಗಜ ಬಟ್ಟೆಗೆ ತೂಕ ಬರುತ್ತದೆ.

ಇನ್ನು ಇದೇ ಅಳತೆಗೋಲನ್ನು ಹಿಡಿದು ಮರದ ವಿಚಾರಕ್ಕೆ ಬರೋಣ. ಭಾರತದ ಮೊದಲ ನೀಲಗಿರಿ ಮರಗಳನ್ನು ೧೭೯೦ರ ಸುಮಾರಿನಲ್ಲಿ ಟಿಪ್ಪು ಸುಲ್ತಾನನ ಕಾಲದಲ್ಲಿ ನೆಟ್ಟದ್ದು ನಂದಿಬೆಟ್ಟದ ಮೇಲೆಂದು ಅರಣ್ಯಶಾಸ್ತ್ರದ ಗ್ರಂಥಗಳು ಹೇಳುತ್ತವೆ. ಅಲ್ಲಿಂದ ಹಬ್ಬಿದ ತಳಿಗೆ ‘ಮೈಸೂರು ಗಮ್’ ಎಂದೇ ಹೆಸರಾಯಿತು. ಕುತೂಹಲಕ್ಕೆಂದು ತಂದ ಗಿಡ ಎರಡು ಶತಮಾನ ಕಳೆಯುವುದರೊಳಗೆ ಕೋಲಾರ ಸೀಮೆಯ ಬೆಳೆಯೇ ಆಗಿಹೋಯಿತು. ೧೯೭೦–೮೦ರ ದಶಕಗಳಲ್ಲಿ ಕಾಗದ, ರೇಯಾನ್ ಕಾರ್ಖಾನೆಗಳ ಹಸಿವಿಗೂ ಸಾಮಾಜಿಕ ಅರಣ್ಯವೆಂಬ ಯೋಜನೆಗೂ ಹೊಂದಿಕೊಂಡು ರಾಗಿಯ ಹೊಲಗಳು ನೀಲಗಿರಿಯ ತೋಪುಗಳಾದುವು. ಕೂಲಿಯಾಳು ಬೇಡ, ಕಾವಲು ಬೇಡ, ದನ ಬಾಯಿ ಹಾಕುವುದಿಲ್ಲ. ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದುಕೊಂಡು ಊರಿನ ಹೊಲವನ್ನು ಉಳಿಸಿಕೊಳ್ಳುವವರಿಗೆ ಅದಕ್ಕಿಂತ ಅನುಕೂಲದ ಬೆಳೆಯಿರಲಿಲ್ಲ. ಊರ ಮುಂದಿನ ಗುಂಡುತೋಪಿನ ಮಾವು, ಹುಣಿಸೆ, ನೇರಳೆಗಳ ಜಾಗದಲ್ಲಿಯೂ ಅದು ನಿಂತಿತು.

ಇದರ ವಿರುದ್ಧ ಎದ್ದ ಸಂಕೇತಗಳು ಬೇರೆ ಜಿಲ್ಲೆಗಳವು. ೧೯೮೩ರಲ್ಲಿ ತುಮಕೂರು ಜಿಲ್ಲೆಯ ರೈತಸಂಘದವರು ಅರಣ್ಯ ಇಲಾಖೆಯ ಸಸಿಮಡಿಗಳಿಗೆ ಹೋಗಿ ನೀಲಗಿರಿ ಸಸಿಗಳನ್ನು ಕಿತ್ತು, ಅಲ್ಲಿ ಹುಣಿಸೆ ಮಾವುಗಳ ಬೀಜ ಊರಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಾಡಿಗೆ ನಡೆದು, ಕಡಿಯಲು ಗುರುತು ಹಾಕಿದ್ದ ಮರಗಳನ್ನು ಅಪ್ಪಿಕೊಂಡು ನಿಂತರು. ‘ಅಪ್ಪಿಕೋ’ ಎಂಬ ಮಾತು ಹುಟ್ಟಿತು. ೧೯೮೭ರ ನವೆಂಬರ್ ೧೪ರಂದು ಹಾನಗಲ್ಲು ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೊ–ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ಗೋಮಾಳದಲ್ಲಿ ಕಂಪೆನಿ ನೆಟ್ಟಿದ್ದ ನೀಲಗಿರಿಯನ್ನು ಕಿತ್ತು, ಊರಿಗೆ ಬೇಕಾದ ಗಿಡ ಹಚ್ಚಿದರು. ಶಿವರಾಮ ಕಾರಂತರಂಥವರು ಆ ಹೋರಾಟದ ಬೆಂಬಲಕ್ಕೆ ನಿಂತಿದ್ದರು. ನ್ಯಾಯಾಲಯದಲ್ಲಿಯೂ ಹಳ್ಳಿಗಳಲ್ಲಿಯೂ ನಡೆದ ಒತ್ತಾಯದ ಫಲವಾಗಿ ೧೯೯೧ರಲ್ಲಿ ಆ ಕಂಪೆನಿಯನ್ನು ಮುಚ್ಚುವ ತೀರ್ಮಾನವಾಯಿತು. ಮೇಲೆ ಹೇಳಿದ ಮೂರು ಅಂಶಗಳೂ ಇಲ್ಲಿವೆ: ಎದುರಿಗೆ ಇಂಥವರೆಂದು ಹೆಸರಿಸಬಹುದಾದ ಇಲಾಖೆ ಅಥವಾ ಕಂಪೆನಿ; ಕೈಯಲ್ಲಿ ಬೇಡಿಕೆಯ ಮಾದರಿಯಾದ ಒಂದು ಸಸಿ; ಬಂಧನಕ್ಕೆ ಸಿದ್ಧರಾದ ಜನ.

ನಂದಿಯ ತಪ್ಪಲಿನಲ್ಲಿ ಮಾತ್ರ ಅಂಥದು ಬಲವಾಗಿ ಏಳಲಿಲ್ಲ. ಕಾರಣ ಯೋಚಿಸತಕ್ಕದ್ದು. ಕುಸನೂರಿನಲ್ಲಿ ನೀಲಗಿರಿ ನೆಟ್ಟವರು ಹೊರಗಿನವರು. ಇಲ್ಲಿ ನೆಟ್ಟವನು ಹೊಲದ ಒಡೆಯನೇ. ತನ್ನ ಹೊಲದ ಗಿಡದ ವಿರುದ್ಧ ತಾನೇ ಸತ್ಯಾಗ್ರಹ ಹೂಡುವುದು ಹೇಗೆ? ೨೦೧೭ರಲ್ಲಿ ಸರ್ಕಾರ ನೀಲಗಿರಿಯನ್ನು ಹೊಸದಾಗಿ ಬೆಳೆಸುವುದನ್ನು ನಿಷೇಧಿಸಿದಾಗ ಬಹಳ ತಡವಾಗಿತ್ತು. ತಪ್ಪಿತಸ್ಥನೂ ಸಂತ್ರಸ್ತನೂ ಒಬ್ಬನೇ ಆದಾಗ ಸಂಕೇತಕ್ಕೆ ವಿಳಾಸ ಸಿಕ್ಕುವುದಿಲ್ಲ. ವಾಯುಗುಣದ ಬದಲಾವಣೆಯ ವಿಚಾರದಲ್ಲಿ ಇಡೀ ಲೋಕದ ತೊಡಕು ಇದೇ. ಕಲ್ಲಿದ್ದಲ ಹೊಗೆಯಿಂದ ಬಂದ ವಿದ್ಯುತ್ತಿನ ಬೆಳಕಿನಲ್ಲಿಯೇ ನಾವು ಆ ಹೊಗೆಯ ಕೇಡನ್ನು ಕುರಿತ ಲೇಖನ ಓದುವವರು.

ನೀರಿನ ಕಥೆಯೂ ಹೀಗೆಯೇ ಸಾಗಿತು. ಕೆರೆಗಳಲ್ಲಿ ಹೂಳು ತುಂಬಿತು, ರಾಜಕಾಲುವೆಗಳು ಒತ್ತುವರಿಯಾದುವು, ಕಪಿಲೆಯ ಬಾವಿಗಳು ಒಣಗಿದುವು. ಕೊಳವೆ ಬಾವಿಗಳು ಇನ್ನೂರು ಅಡಿಯಿಂದ ಆರಂಭವಾಗಿ ಸಾವಿರ, ಸಾವಿರದ ಐನೂರು ಅಡಿಗೆ ಇಳಿದುವು. ಆಳದ ಬಂಡೆಯಿಂದ ಬಂದ ನೀರಿನಲ್ಲಿ ಅನೇಕ ಹಳ್ಳಿಗಳಲ್ಲಿ ಫ್ಲೋರೈಡ್ ಅಂಶ, ಲೀಟರಿಗೆ ೧.೫ ಮಿಲಿಗ್ರಾಮಿನ ಸುರಕ್ಷಿತ ಮಿತಿಯನ್ನು ಮೀರಿತ್ತು. ಹಲ್ಲು ಕಂದಿದ ಮಕ್ಕಳೂ ಬೆನ್ನು ಬಾಗಿದ ನಡುವಯಸ್ಸಿನವರೂ ಆ ಹಳ್ಳಿಗಳಿಗೆ ಹೊಸಬರಲ್ಲ. ಮಳೆಯ ನಡತೆಯೂ ಬದಲಾಯಿತು. ೨೦೨೧ರ ನವೆಂಬರಿನಲ್ಲಿ, ರಾಗಿ ಕೊಯ್ಲಿನ ಹೊತ್ತಿಗೆ, ಎಷ್ಟೋ ವರ್ಷ ಕೋಡಿ ಕಾಣದ ಕೆರೆಗಳು ಒಮ್ಮೆಗೇ ತುಂಬಿ ಹರಿದುವು. ಉತ್ತರ ಪಿನಾಕಿನಿ ಸೇತುವೆಗಳ ಮೇಲೆ ಹರಿಯಿತು. ತೆನೆ ಹೊಲದಲ್ಲಿಯೇ ಮೊಳೆಯಿತು. ಎರಡೇ ವರ್ಷಕ್ಕೆ, ೨೦೨೩ರಲ್ಲಿ, ರಾಜ್ಯದ ೨೩೬ ತಾಲ್ಲೂಕುಗಳಲ್ಲಿ ೨೨೩ನ್ನು ಬರಪೀಡಿತವೆಂದು ಸಾರಬೇಕಾಯಿತು. ಒಂದು ನೆರೆಗೋ ಒಂದು ಬರಕ್ಕೋ ವಾಯುಗುಣದ ಬದಲಾವಣೆಯೊಂದೇ ಕಾರಣವೆಂದು ಹೇಳಲಾಗದು. ಆದರೆ ಗಾಳಿಯ ಉಷ್ಣತೆ ಒಂದು ಡಿಗ್ರಿ ಏರಿದರೆ ಅದು ಹಿಡಿದಿಡಬಲ್ಲ ನೀರಾವಿ ಸುಮಾರು ನೂರಕ್ಕೆ ಏಳರಷ್ಟು ಹೆಚ್ಚುತ್ತದೆಂಬುದು ಭೌತಶಾಸ್ತ್ರದ ಸರಳ ನಿಯಮ. ಬಹುಕಾಲ ಸುರಿಯದಿರುವುದೂ ಸುರಿದಾಗ ಒಮ್ಮೆಗೇ ಸುರಿಯುವುದೂ ಆ ನಿಯಮಕ್ಕೆ ಹೊಂದುವ ಸಂಗತಿಗಳೇ. ಶಿಡ್ಲಘಟ್ಟದ ಹುಳುಮನೆಯಲ್ಲಿ ಇದನ್ನು ಪುಸ್ತಕ ನೋಡಿ ಕಲಿಯಬೇಕಾಗಿಲ್ಲ. ರೇಷ್ಮೆಹುಳುವಿಗೆ ಸುಮಾರು ೨೫ ಡಿಗ್ರಿ ಶಾಖ ಹಿತ. ಬಿಸಿಲು ಏರಿದಾಗ ಗೋಣಿತಾಟು ನೆನೆಸಿ ಬಾಗಿಲಿಗೆ ಕಟ್ಟುವ ಗೃಹಿಣಿ ಡಿಗ್ರಿಯ ಲೆಕ್ಕವನ್ನು ನಮಗಿಂತ ಚೆನ್ನಾಗಿ ಬಲ್ಲಳು.

ಹಾಗಾದರೆ ‘ಅರಿವು ಮೂಡಿಸುವುದು’ ಎಂದು ನಾವು ಹೇಳುವಾಗ ಯಾರ ಅರಿವಿನ ಮಾತು? ಸಾವಿರದ ಐನೂರು ಅಡಿ ಕೊರೆಯಿಸಿ ಬರಿಯ ಧೂಳು ಕಂಡವನಿಗೆ ಅರಿವಿನ ಕೊರತೆಯಿಲ್ಲ. ಅವನ ಕೊರತೆ ಬೇರೆ: ಅವನು ಬಲ್ಲದ್ದು ಬೆಂಗಳೂರಿಗೆ ಕೇಳಿಸುವುದಿಲ್ಲ. ಗೌರಿಬಿದನೂರಿನ ಬಳಿ ೧೯೬೫ರಿಂದ ಭೂಕಂಪನವನ್ನಳೆಯುವ ಕೇಂದ್ರವೊಂದಿದೆ. ಸಾವಿರಾರು ಮೈಲಿಯಾಚೆ ನೆಲ ನಡುಗಿದರೂ ಅಲ್ಲಿನ ಯಂತ್ರಗಳು ಗುರುತಿಸಬಲ್ಲುವು. ಅದೇ ತಾಲ್ಲೂಕಿನ ನೆಲದಡಿಯಿಂದ ನೀರು ಅಡಿಯಡಿಯಾಗಿ ಜಾರಿದ್ದು ನಲವತ್ತು ಮೈಲಿಯಾಚೆಯ ರಾಜಧಾನಿಗೆ ತಿಳಿಯಲು ಎಷ್ಟು ಕಾಲ ಬೇಕಾಯಿತು!

ಅದನ್ನು ಕೇಳಿಸಲೆಂದೇ ೨೦೧೬ರ ಮಾರ್ಚ್ ತಿಂಗಳಲ್ಲಿ ಚಿಕ್ಕಬಳ್ಳಾಪುರ, ಕೋಲಾರ ಮತ್ತು ಬೆಂಗಳೂರು ಗ್ರಾಮಾಂತರದ ರೈತರು ಟ್ರ್ಯಾಕ್ಟರುಗಳನ್ನೇರಿ ಬೆಂಗಳೂರಿಗೆ ಬಂದರು. ಶಾಶ್ವತ ನೀರಾವರಿ ಬೇಕೆಂಬುದು ಅವರ ಕೂಗು. ಹೊಲದಲ್ಲಿರಬೇಕಾದ ಟ್ರ್ಯಾಕ್ಟರು ಬಳ್ಳಾರಿ ರಸ್ತೆಯಲ್ಲಿ ನಿಂತದ್ದೇ ಒಂದು ಮಾತು: ಉಳುವುದಕ್ಕೆ ನೀರಿಲ್ಲ. ನಗರದ ವಾಹನಸಂಚಾರ ಗಂಟೆಗಟ್ಟಲೆ ಸ್ತಬ್ಧವಾಯಿತು. ವಿಮಾನ ಹಿಡಿಯಬೇಕಾದವರು ಪೆಟ್ಟಿಗೆ ಹಿಡಿದು ನಡೆದರು. ಪೊಲೀಸರ ಲಾಠಿಗಳೂ ಬೀಸಿದುವು. ಏಳು ತಿಂಗಳ ಮೇಲೆ, ಅಕ್ಟೋಬರ್ ೧೬ರಂದು, ಅದೇ ಬಳ್ಳಾರಿ ರಸ್ತೆಯ ಬದಿಯಲ್ಲಿ ಇನ್ನೊಂದು ಜನಸಾಲು ನಿಂತಿತು. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಕಟ್ಟಬೇಕೆಂದಿದ್ದ ಉಕ್ಕಿನ ಮೇಲುಸೇತುವೆಗೆ ಎಂಟುನೂರಕ್ಕೂ ಹೆಚ್ಚು ಮರಗಳು ಬಲಿಯಾಗಲಿದ್ದುವು. ಬೇಡವೆಂದು ಬೆಂಗಳೂರಿನ ಸಾವಿರಾರು ನಾಗರಿಕರು ಕೈ ಕೈ ಹಿಡಿದು ಮಾನವ ಸರಪಣಿ ಮಾಡಿದರು. ೨೦೧೭ರ ಮಾರ್ಚಿನಲ್ಲಿ ಸರ್ಕಾರ ಆ ಯೋಜನೆಯನ್ನು ಕೈಬಿಟ್ಟಿತು.

ಒಂದೇ ವರ್ಷ, ಒಂದೇ ರಸ್ತೆ, ಎರಡು ಗುಂಪು. ಒಂದು ನೀರಿಗೆ, ಇನ್ನೊಂದು ಮರಕ್ಕೆ. ನೀರೂ ಮರವೂ ಒಂದೇ ಬಾಳಿನ ಎರಡು ಮುಖಗಳೆಂದು ಶಾಲೆಯ ಮಗುವೂ ಬಲ್ಲುದು.

ಆದರೆ ಮಾರ್ಚಿನ ಟ್ರ್ಯಾಕ್ಟರುಗಳನ್ನು ನಗರದ ಬಹುಪಾಲು ಜನ ಸಂಚಾರದ ತೊಂದರೆಯೆಂದು ಬೈದುಕೊಂಡರೇ ಹೊರತು, ಬಂದವರು ತಮ್ಮ ಮನೆಗೆ ಟೊಮೇಟೊ, ಹಾಲು, ಸೊಪ್ಪು ಕಳುಹಿಸುವ ನೆರೆಯವರೆಂದು ನೆನೆದವರು ವಿರಳ. ಅಕ್ಟೋಬರಿನ ಸರಪಣಿಯಲ್ಲಿ ಹಳ್ಳಿಯ ಕೈಗಳೂ ಇರಲಿಲ್ಲ. ಎರಡೂ ಸಂಕೇತಗಳು ತಮ್ಮ ತಮ್ಮ ಮಟ್ಟಿಗೆ ಸಫಲವೇ. ಅವು ಒಂದನ್ನೊಂದು ಗುರುತಿಸದೆ ಹೋದದ್ದು ಮಾತ್ರ ಇಬ್ಬರಿಗೂ ನಷ್ಟ.

ಟ್ರ್ಯಾಕ್ಟರಿನ ಕೂಗಿಗೆ ದೊರೆತ ಉತ್ತರವೇನೆಂಬುದನ್ನೂ ನೋಡಬೇಕು. ಪಶ್ಚಿಮಘಟ್ಟದ ಎತ್ತಿನಹೊಳೆಯಿಂದ ೨೪ ಟಿಎಂಸಿ ಅಡಿ ನೀರನ್ನು ತರುವ ಯೋಜನೆಗೆ ೨೦೧೪ರ ಮಾರ್ಚಿನಲ್ಲಿ ಚಿಕ್ಕಬಳ್ಳಾಪುರದಲ್ಲಿಯೇ ಶಂಕುಸ್ಥಾಪನೆಯಾಗಿತ್ತು. ಮೊದಲು ಎಂಟು ಸಾವಿರ ಕೋಟಿಯ ಆಸುಪಾಸಿನಲ್ಲಿದ್ದ ಅಂದಾಜು ಇಪ್ಪತ್ತಮೂರು ಸಾವಿರ ಕೋಟಿಯನ್ನು ಮೀರಿತು. ಮೊದಲ ಹಂತದ ಉದ್ಘಾಟನೆಯಾದದ್ದು ೨೦೨೪ರ ಸೆಪ್ಟೆಂಬರಿನಲ್ಲಿ, ಸಕಲೇಶಪುರದ ಬಳಿ. ಇತ್ತ ಘಟ್ಟದ ಕೆಳಗಿನ ದಕ್ಷಿಣ ಕನ್ನಡದ ಜನ ತಮ್ಮ ನೇತ್ರಾವತಿ ಬಡವಾಗುವಳೆಂದು ಬಂದ್ ಆಚರಿಸಿದರು, ಮೆರವಣಿಗೆ ತೆಗೆದರು. ಒಂದು ಜಿಲ್ಲೆಯ ಸಂಕೇತಕ್ಕೆ ಇನ್ನೊಂದು ಜಿಲ್ಲೆಯ ಸಂಕೇತ ಎದುರು ನಿಂತಿತು. ಇದರ ನಡುವೆ ಬೇಗನೆ ಬಂದು ತಲಪಿದ ನೀರು ಬೆಂಗಳೂರಿನ ಬಚ್ಚಲಿನದು. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ೨೦೧೮ರಿಂದ ಕೋಲಾರದ ಕೆರೆಗಳಿಗೆ ಹರಿಯತೊಡಗಿತು. ಹೆಬ್ಬಾಳ–ನಾಗವಾರ ಕಣಿವೆಯದು ಆಮೇಲೆ ಚಿಕ್ಕಬಳ್ಳಾಪುರದ ಕಡೆಗೆ ಬಂದಿತು. ಬತ್ತಿದ ಬಾವಿಗಳು ಕೆಲವೆಡೆ ಮರುಜೀವ ಪಡೆದುವೆಂಬ ಸಂತೋಷವೂ, ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದು ಬೇಕೆಂಬ ಹೋರಾಟಗಾರರ ಆಕ್ಷೇಪವೂ ಒಟ್ಟಿಗೇ ಕೇಳಿಬಂದುವು. ಓದುಗರು ಬೆಳಗ್ಗೆ ಪಾತ್ರೆ ತೊಳೆದ ನೀರೇ ಆ ಕೆರೆಗಳಲ್ಲಿರಬಹುದು. ಸಂಬಂಧ ಅಷ್ಟು ಹತ್ತಿರದ್ದು.

ಇದರಿಂದ ಒಂದು ಪಾಠ ಸ್ಪಷ್ಟ. ಸಂಕೇತ ಕೊಡಿಸುವುದಾದರೆ ಕೇಳಿದ್ದನ್ನು ಕೊಡಿಸುತ್ತದೆ, ಕೇಳದ್ದನ್ನು ಕೊಡಿಸದು. ‘ನೀರು ಬೇಕು’ ಎಂದುದಕ್ಕೆ ಎಲ್ಲಿಂದಲಾದರೂ ನೀರು ತರುವ ಉತ್ತರ ಬಂದಿತು. ಇದ್ದ ನೀರು ಏಕೆ ಹೋಯಿತು, ಇನ್ನು ಮುಂದೆ ಮಳೆ ಹೀಗೆಯೇ ತಾಳ ತಪ್ಪಿದರೆ ಯಾವ ಬೆಳೆ ಇಡಬೇಕು, ಕಾಲುವೆಯ ಒತ್ತುವರಿಯನ್ನು ಬಿಡಿಸುವವರು ಯಾರು ಎಂಬ ಪ್ರಶ್ನೆಗಳನ್ನು ಟ್ರ್ಯಾಕ್ಟರು ಹೊತ್ತು ತರಲಿಲ್ಲ. ಆದುದರಿಂದ ಅವಕ್ಕೆ ಉತ್ತರವೂ ಬರಲಿಲ್ಲ. ನೆರೆಯ ನಲ್ಗೊಂಡದ ಉದಾಹರಣೆಯೂ ಇದಕ್ಕೆ ದೂರವಲ್ಲ. ಅಲ್ಲಿನ ಫ್ಲೋರೈಡ್ ಪೀಡಿತರ ಗೋಳನ್ನು ದೇಶಕ್ಕೆ ತಿಳಿಸಲು ೧೯೯೬ರ ಲೋಕಸಭಾ ಚುನಾವಣೆಯಲ್ಲಿ ಒಂದೇ ಕ್ಷೇತ್ರದಿಂದ ೪೮೦ ಮಂದಿ ಸ್ಪರ್ಧಿಸಿದರು. ಮತಪತ್ರ ಪುಸ್ತಕವಾಯಿತು, ಚುನಾವಣೆಯನ್ನೇ ಮುಂದೂಡಬೇಕಾಯಿತು. ದೇಶಕ್ಕೆ ಆ ಊರಿನ ಹೆಸರೂ ಅದರ ರೋಗದ ಹೆಸರೂ ಒಟ್ಟಿಗೆ ತಿಳಿದುವು. ತಿಳಿಸುವ ಕೆಲಸ ಸಂಕೇತದ್ದು. ಅದಾದ ಮೇಲಿನ ಕೆಲಸಕ್ಕೆ ಬೇರೆ ಭುಜ ಬೇಕು.

ಈಗ ಮಾಲ್ಡೀವ್ಸಿನ ಮಂತ್ರಿಗಳ ಕಡೆಗೆ ಮರಳೋಣ. ಅವರ ಜಲಸಭೆಯ ಚಿತ್ರ ಲೋಕವೆಲ್ಲ ಹರಡಿತು. ಆದರೆ ಎರಡು ತಿಂಗಳ ಬಳಿಕ ಕೋಪನ್‌ಹೇಗನ್ನಿನಲ್ಲಿ ಸೇರಿದ ರಾಷ್ಟ್ರಗಳು ಎಲ್ಲರನ್ನೂ ಕಟ್ಟಿಹಾಕುವ ಒಪ್ಪಂದಕ್ಕೆ ಬರದೆ ಚದುರಿದುವು. ಒಂದು ಗಂಟೆಯ ಕತ್ತಲಿನ ವ್ರತಕ್ಕೆ ವಿಳಾಸದಾರನೂ ಇಲ್ಲ, ತೆರುವ ಬೆಲೆಯೂ ಇಲ್ಲ. ಗಂಟೆ ಕಳೆದೊಡನೆ ದೀಪ ಹೊತ್ತಿಕೊಳ್ಳುತ್ತದೆ, ಮನಸ್ಸಿಗೆ ಪುಣ್ಯ ಮಾಡಿದ ಸಮಾಧಾನ ಉಳಿಯುತ್ತದೆ. ಇಂಥ ಸಮಾಧಾನ ಅರಿವಿಗೆ ಸಹಾಯವಾಗುವುದಕ್ಕಿಂತ ಅಡ್ಡಿಯಾಗುವುದೇ ಹೆಚ್ಚು. ಸ್ವೀಡನ್ನಿನ ಬಾಲೆಯದು ಹಾಗಲ್ಲ; ಅವಳ ಮುಂದೆ ಪಾರ್ಲಿಮೆಂಟೆಂಬ ವಿಳಾಸವಿತ್ತು, ಅವಳು ಪಾಠವನ್ನು ಕಳೆದುಕೊಂಡಳು. ಒಂದು ವರ್ಷದಲ್ಲಿ ಲೋಕದ ಅನೇಕ ನಗರಗಳಲ್ಲಿ ಮಕ್ಕಳು ಅವಳಂತೆ ಬೀದಿಗೆ ಬಂದುದಕ್ಕೆ ಕಾರಣ ಇದೇ ಇರಬೇಕು.

ಐಸ್‌ಲೆಂಡಿನ ಶ್ರದ್ಧಾಂಜಲಿಯಲ್ಲಿ ಮಾತ್ರ ನನಗೆ ಇನ್ನೊಂದು ಸ್ವಾರಸ್ಯ ಕಾಣುತ್ತದೆ. ಇತಿಹಾಸ ನಿಂತಿರುವುದು ತಾರೀಖುಗಳ ಮೇಲೆ. ವಿದುರಾಶ್ವತ್ಥದ ಗೋಲೀಬಾರಿಗೆ ತಾರೀಖಿದೆ. ಅದಕ್ಕೆ ಸ್ತೂಪವಿದೆ, ವೀರಸೌಧವಿದೆ, ವರ್ಷವರ್ಷವೂ ಸ್ಮರಣೆಯಿದೆ. ಆ ದಂಡೆಯ ಪಿನಾಕಿನಿ ವರ್ಷದ ಬಹುಪಾಲು ಮರಳಾಗಿ ಹೋದದ್ದು ಯಾವ ತಾರೀಖಿನಲ್ಲಿ? ಚಿಂತಾಮಣಿ ಸೀಮೆಯ ಕೊನೆಯ ಕಪಿಲೆ ನಿಂತದ್ದು ಯಾವ ದಿನ? ಯಾವ ವರ್ಷದಿಂದ ಹಳ್ಳಿಯವರು ಆರಿದ್ರೆ, ಹಸ್ತ, ಚಿತ್ತೆಗಳ ಮಳೆಯನ್ನು ನೆಚ್ಚುವುದನ್ನು ಬಿಟ್ಟರು? ಯಾರೂ ಬರೆದಿಡಲಿಲ್ಲ. ಮೆಲ್ಲನೆ ಆದ ನಷ್ಟಕ್ಕೆ ತಿಥಿಯಿಲ್ಲ, ತಿಥಿಯಿಲ್ಲದ್ದಕ್ಕೆ ಶ್ರಾದ್ಧವಿಲ್ಲ, ಶ್ರಾದ್ಧವಿಲ್ಲದ್ದನ್ನು ಮನೆಮಂದಿ ಬೇಗ ಮರೆಯುತ್ತಾರೆ. ಓಕ್ ಹಿಮನದಿಯ ಜನ ಮಾಡಿದ್ದು ಇಷ್ಟೆ: ದಿನ ಗೊತ್ತಿಲ್ಲದ ಸಾವಿಗೆ ಒಂದು ದಿನವನ್ನು ಗೊತ್ತುಮಾಡಿದರು. ವಾಯುಗುಣದ ವಿಚಾರದಲ್ಲಿ ಸಂಕೇತ ಸಲ್ಲಿಸಬಹುದಾದ ದೊಡ್ಡ ಸೇವೆ ಅದೆಂದು ತೋರುತ್ತದೆ. ಮೆಲ್ಲನೆ ಜಾರುವುದನ್ನು ಒಂದು ದಿನ ಹಿಡಿದು ನಿಲ್ಲಿಸಿ, ಇಷ್ಟು ಜಾರಿದೆ ನೋಡಿ ಎಂದು ಹತ್ತು ಜನರ ಮುಂದೆ ಹೇಳುವುದು.

ವಿದುರಾಶ್ವತ್ಥದ ಆ ಪುರಾತನ ಅಶ್ವತ್ಥವೃಕ್ಷ ೨೦೦೧ರಲ್ಲಿ ನೆಲಕ್ಕುರುಳಿತು. ಮರಕ್ಕೆ ವಯಸ್ಸಾಗಿತ್ತು, ಅದರ ಸಾವನ್ನು ಯಾರ ತಲೆಗೂ ಕಟ್ಟಬೇಕಾಗಿಲ್ಲ. ಮರದ ಹೆಸರಿನ ಊರಿದೆ, ಹೊಳೆಯ ಹೆಸರಿನ ಮರಳಿದೆ, ಬಾವುಟದ ನೆನಪಿದೆ. ಏಪ್ರಿಲ್ ೨೫ ಬರುವುದು ಬಿರುಬೇಸಗೆಯ ನಡುವೆ, ನೆಲದ ನೀರು ಬಹಳ ಕೆಳಗಿಳಿದಿರುವ ದಿನಗಳಲ್ಲಿ. ಅಂದು ಬಾವುಟವೇರಿಸಿ ಹುತಾತ್ಮರನ್ನು ನೆನೆದ ಮೇಲೆ, ಈ ನಾಲ್ಕು ತಾಲ್ಲೂಕಿನ ಪ್ರತಿಯೊಂದು ಊರಿನಲ್ಲಿಯೂ ಊರ ಬಾವಿಗೆ ಹಗ್ಗ ಬಿಟ್ಟು ನೀರಿನ ಆಳವನ್ನಳೆದು, ಪಂಚಾಯಿತಿಯ ಗೋಡೆಯ ಮೇಲೆ ವರ್ಷದ ಮುಂದೆ ಅಂಕಿ ಬರೆದರೆ ಹೇಗೆ? ವಿಳಾಸ ಬೇಕೆಂದರೆ, ಅದರದೊಂದು ಪ್ರತಿ ಬೆಂಗಳೂರಿಗೆ ಹೋಗಲಿ. ಬೆಲೆ ಬೇಕೆಂದರೆ, ಅಂಕಿ ಕೆಳಗಿಳಿದ ವರ್ಷ ಹೊಸ ಕೊಳವೆ ಬಾವಿ ಕೊರೆಯುವುದಿಲ್ಲವೆಂದು ಊರೇ ಒಪ್ಪಿಕೊಳ್ಳಲಿ. ಮಾದರಿ ಬೇಕೆಂದರೆ, ಅದೇ ದಿನ ಒಂದು ಕಾಲುವೆಯ ನೂರು ಗಜದ ಹೂಳನ್ನಾದರೂ ಎತ್ತಲಿ. ನಗರದಲ್ಲಿ ದೀಪ ಆರಿಸುವವರು ಆ ಒಂದು ದಿನ ಗುದ್ದಲಿ ಹಿಡಿದು ಅಲ್ಲಿಗೆ ಬಂದರೆ ಬೇಡವೆನ್ನುವವರಾರು? ಹತ್ತು ವರ್ಷ ಹೀಗೆ ಬರೆದ ಗೋಡೆ, ಯಾವ ಭಾಷಣಕಾರನೂ ಹೇಳಲಾರದ್ದನ್ನು ಹೇಳೀತು. ಮುಂದೆ ಈ ಸೀಮೆಯ ಇತಿಹಾಸ ಬರೆಯುವವನಿಗೆ ಕಡೆಗೆ ಒಂದು ತಾರೀಖಾದರೂ ಸಿಕ್ಕೀತು.